ಹಳೆಯ ಕಂಪ್ಯೂಟರಿನ ಪುನರುಜ್ಜೀವನ ಮತ್ತು ದಾನದ ವಿವೇಕ

ವಿದ್ಯಾಸಂಸ್ಥೆಗಳಿಗೆ ಕಂಪ್ಯೂಟರುಗಳನ್ನು ದಾನವಾಗಿ ನೀಡುವುದು ಒಂದು ಸತ್ಸಂಪ್ರದಾಯವಾಗಿ ಬೆಳೆದುಬಂದಿದೆ. ಹಿಂದಿನವರು ಕೊಠಡಿ ಕಟ್ಟಿಸಿದರು, ಗ್ರಂಥಾಲಯಕ್ಕೆ ಕಪಾಟು ಕೊಡಿಸಿದರು. ಇಂದಿನವರು ಯಂತ್ರಗಳನ್ನು ಕೊಡಿಸುತ್ತಾರೆ. ಕಚೇರಿಗಳು ಬಳಸಿ ಬಿಟ್ಟ ಬ್ರಾಂಡೆಡ್ ಯಂತ್ರಗಳೂ ಇದೇ ದಾರಿಯಲ್ಲಿ ಶಾಲೆಗಳನ್ನು ಸೇರುತ್ತವೆ. ಕೆಲವು ವರ್ಷಗಳಲ್ಲಿ ಅವು ನಿಧಾನಗತಿಗೆ ಇಳಿದಾಗ ‘ಹಳೆಯದನ್ನು ತೆಗೆದುಹಾಕಿ ಹೊಸದನ್ನೇ ಕೊಳ್ಳೋಣ’ ಎಂಬ ಮಾತು ಒಂದು ಕಡೆಯಿಂದಲೂ, ‘ಪ್ರೊಸೆಸರನ್ನು ಬದಲಿಸಿದರೆ ಸಾಕು’ ಎಂಬ ಮಾತು ಇನ್ನೊಂದು ಕಡೆಯಿಂದಲೂ ಕೇಳಿಬರುತ್ತದೆ. ಎರಡೂ ಅವಸರದ ಮಾತುಗಳೇ. ಮಿತವಾದ ಹಣದಲ್ಲಿ ಯಾವುದನ್ನು ಮೊದಲು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವಿವೇಚನೆಯೇ ಇಲ್ಲಿ ಮುಖ್ಯವಾದುದು.

ಉಪಕರಣದ ಯೋಗ್ಯತೆಯನ್ನು ಅದು ಮಾಡಬೇಕಾದ ಕಾಯಕದಿಂದ ಅಳೆಯತಕ್ಕದ್ದು. ಪ್ರೌಢಶಾಲೆಯ ವಿದ್ಯಾರ್ಥಿಯು ಕನ್ನಡದಲ್ಲಿ ಬೆರಳಚ್ಚು ಮಾಡುತ್ತಾನೆ, ಲೆಕ್ಕದ ಹಾಳೆ ತಯಾರಿಸುತ್ತಾನೆ, ಪೈಥಾನ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಮುಗಳನ್ನು ಬರೆಯುತ್ತಾನೆ, ಪಾಠದ ವಿಡಿಯೋ ನೋಡುತ್ತಾನೆ. ಇಂತಹ ಕೆಲಸಗಳಲ್ಲಿ ಯಂತ್ರವು ತಡವರಿಸುವುದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಪ್ರೊಸೆಸರ್ ಅಲ್ಲ. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್ ಮತ್ತು 4 ಜಿ.ಬಿ.ಯಷ್ಟೇ ಇರುವ ರ‍್ಯಾಮ್. ಡಿಸ್ಕಿನ ಸ್ಥಾನದಲ್ಲಿ ಎಸ್.ಎಸ್.ಡಿ.ಯನ್ನು ಕೂರಿಸಿ, ರ‍್ಯಾಮನ್ನು 8 ಜಿ.ಬಿ.ಗೆ ಏರಿಸಿದರೆ ಅದೇ ಯಂತ್ರವು ಬೇರೊಂದು ಯಂತ್ರವೆಂಬಂತೆ ವರ್ತಿಸುತ್ತದೆ. ಇಷ್ಟು ಮಾಡಿದ ಬಳಿಕವೂ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದಾಗ ಪ್ರೊಸೆಸರಿನ ಬಳಕೆಯೊಂದೇ ಶೇಕಡ 100ರ ಬಳಿ ನಿಂತಿರುವುದಾದರೆ, ಆಗ ಅದನ್ನು ಬದಲಿಸುವ ಆಲೋಚನೆ ನ್ಯಾಯವಾದುದು.

ಆ ಹಂತದಲ್ಲಿ ಬ್ರಾಂಡೆಡ್ ಯಂತ್ರದ ಸ್ವಭಾವವನ್ನು ಅರಿತಿರಬೇಕು. ಬಿಡಿಭಾಗಗಳನ್ನು ಆರಿಸಿ ಜೋಡಿಸಿದ ಯಂತ್ರದಲ್ಲಿರುವ ಸ್ವಾತಂತ್ರ್ಯ ಇದರಲ್ಲಿಲ್ಲ. ಮದರ್‌ಬೋರ್ಡ್, ಎಸ್.ಎಂ.ಪಿ.ಎಸ್., ತಂಪುಕಾರಕ ಇವೆಲ್ಲ ತಯಾರಕರ ಅಳತೆಗೆ ಕಟ್ಟುಬಿದ್ದಿರುತ್ತವೆ. ಡೆಲ್ ಕಂಪೆನಿಯ ಆಪ್ಟಿಪ್ಲೆಕ್ಸ್ 3020 ಎಂಬ ಮಾದರಿಯನ್ನೇ ನೋಡಬಹುದು. ಅದರಲ್ಲಿರುವುದು ಇಂಟೆಲ್ ಸಂಸ್ಥೆಯ 4ನೆಯ ಪೀಳಿಗೆಗೆ ಸೇರಿದ ಎಲ್‌ಜಿಎ 1150 ಸಾಕೆಟ್. ಅದರಲ್ಲಿ 2 ಕೋರುಗಳ ಐ3-4150 ಇದ್ದರೆ, ಆ ಸ್ಥಾನದಲ್ಲಿ 4 ಕೋರುಗಳ ಐ5-4590 ಕೂರುತ್ತದೆ. ಆದರೆ ಮೊದಲನೆಯದರ ಉಷ್ಣಮಿತಿ 54 ವಾಟ್, ಎರಡನೆಯದರದು 84 ವಾಟ್. ಆದುದರಿಂದ ಬಯಾಸ್ ಅದನ್ನು ಗುರುತಿಸುವುದೇ, ತಂಪುಕಾರಕವು ಆ ಶಾಖವನ್ನು ಹೊರಗೆಡಹಬಲ್ಲುದೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಇಂತಹ ಪ್ರೊಸೆಸರುಗಳ ತಯಾರಿಕೆ ಎಂದೋ ನಿಂತಿರುವುದರಿಂದ ದೊರೆಯುವುದು ಬಹುಮಟ್ಟಿಗೆ ಬಳಸಿದ ಮಾಲು.

ಸಾಕೆಟ್ಟಿನ ಹೆಸರನ್ನು ಮಾತ್ರ ನೋಡಿ ಕೊಳ್ಳುವುದೂ ಅಪಾಯಕರ. ಇಂಟೆಲ್ಲಿನ 6 ಮತ್ತು 7ನೆಯ ಪೀಳಿಗೆಗಳ ಸಾಕೆಟ್ ಎಲ್‌ಜಿಎ 1151. 8 ಮತ್ತು 9ನೆಯ ಪೀಳಿಗೆಗಳದೂ ಎಲ್‌ಜಿಎ 1151. ಹೆಸರು ಒಂದೇ, ಸಂಪರ್ಕಬಿಂದುಗಳ ಸಂಖ್ಯೆಯೂ ಒಂದೇ. ಆದರೂ ಅವುಗಳ ವಿದ್ಯುತ್ ವ್ಯವಸ್ಥೆ ಬೇರೆಯಾದುದರಿಂದ 7ನೆಯ ಪೀಳಿಗೆಯ ಬೋರ್ಡಿನಲ್ಲಿ 8ನೆಯ ಪೀಳಿಗೆಯ ಪ್ರೊಸೆಸರ್ ಕೆಲಸ ಮಾಡುವುದಿಲ್ಲ. ಈ ಒಂದು ಅಂಶವನ್ನು ಅರಿಯದೆ 20 ಯಂತ್ರಗಳಿಗೆ ಬಿಡಿಭಾಗ ತರಿಸಿದ ಸಂಸ್ಥೆಯ ಹಣ ನೀರಿನಲ್ಲಿ ಹೋಮ ಮಾಡಿದಂತೆ.

ಇನ್ನೊಂದು ಮಿತಿಯನ್ನು ಕಾಲವೇ ತಂದೊಡ್ಡಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. 2021ರಲ್ಲಿ ಬಂದ ವಿಂಡೋಸ್ 11, ಇಂಟೆಲ್ ಯಂತ್ರಗಳಾದರೆ ಸಾಮಾನ್ಯವಾಗಿ 8ನೆಯ ಅಥವಾ ಅನಂತರದ ಪೀಳಿಗೆಯ ಪ್ರೊಸೆಸರನ್ನು ಅಪೇಕ್ಷಿಸುತ್ತದೆ. 4ನೆಯ ಪೀಳಿಗೆಯ ಯಂತ್ರದಲ್ಲಿ ಅತ್ಯುತ್ತಮವಾದ ಐ7 ಇಟ್ಟರೂ ಆ ಗಡಿಯನ್ನು ದಾಟಲಾಗದು. ಅಂತಹ ಯಂತ್ರಕ್ಕೆ ಲಿನಕ್ಸ್ ಯೋಗ್ಯವಾದ ಆಶ್ರಯ. ಕೇರಳದ ಶಾಲೆಗಳು ಅನೇಕ ವರ್ಷಗಳಿಂದ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶದಲ್ಲಿಯೇ ಗಣಕಶಿಕ್ಷಣ ನೀಡುತ್ತಿವೆ. ನಮ್ಮಲ್ಲಿ ರೂಢವಾಗಿರುವ ಕ.ಗ.ಪ. ಕೀಲಿಮಣೆಯ ವಿನ್ಯಾಸವೂ ಅದರಲ್ಲಿ ದೊರೆಯುವುದರಿಂದ ಕನ್ನಡದ ಅಭ್ಯಾಸಕ್ಕೆ ಅಡ್ಡಿಯಿಲ್ಲ.

ಇದರಿಂದ ಹೊರಡುವ ನಿರ್ಣಯ ಸರಳವಾದುದು. 4ನೆಯ ಪೀಳಿಗೆಯ ಯಂತ್ರವಾದರೆ ಎಸ್.ಎಸ್.ಡಿ., ರ‍್ಯಾಮ್, ಲಿನಕ್ಸ್; ಅಗ್ಗವಾಗಿ ಸಿಕ್ಕರೆ ಬಳಸಿದ ಒಂದು ಐ5. ಅಲ್ಲಿಗೆ ವೆಚ್ಚವನ್ನು ನಿಲ್ಲಿಸಬೇಕು. 8ನೆಯ ಪೀಳಿಗೆಯ ಯಂತ್ರವಾದರೆ ಪ್ರೊಸೆಸರಿಗೆ ಹಾಕಿದ ಹಣ ಹೆಚ್ಚು ಕಾಲ ಬಾಳುತ್ತದೆ. ಅದರಲ್ಲಿ 4 ಕೋರುಗಳ ಐ3-8100 ಇದ್ದಲ್ಲಿ 6 ಕೋರುಗಳ ಐ5-8500ನ್ನು ಕೂರಿಸಬಹುದು. ಎರಡರ ಉಷ್ಣಮಿತಿಯೂ 65 ವಾಟ್ ಆದುದರಿಂದ ತಂಪುಕಾರಕದ ಚಿಂತೆಯೂ ಕಡಿಮೆ. ಯಾವ ಪೀಳಿಗೆಯಾದರೂ ಮೊದಲು ಒಂದೇ ಯಂತ್ರದಲ್ಲಿ ಪ್ರಯೋಗಿಸಿ, ಒಂದು ವಾರ ತರಗತಿಯಲ್ಲಿ ಬಳಸಿ ನೋಡಿ, ಆನಂತರವೇ ಉಳಿದವುಗಳಿಗೆ ಕೈಹಾಕುವುದು ಉಚಿತ. ಸಾಕೆಟ್ಟಿನೊಳಗಿನ ಸೂಕ್ಷ್ಮ ಪಿನ್ನುಗಳು ಒಂದು ಬಾಗಿದರೂ ಬೋರ್ಡೇ ಕೆಡುವ ಸಂಭವವಿದೆ. ಆದ್ದರಿಂದ ಅನುಭವಸ್ಥರು ಎದುರಿಗಿರುವುದು, ಹೊಸ ಥರ್ಮಲ್ ಪೇಸ್ಟ್ ಹಚ್ಚುವುದು ಅವಶ್ಯ. ಈ ಕಾರ್ಯವು ವಿದ್ಯಾರ್ಥಿಗಳ ಸಮ್ಮುಖದಲ್ಲಿ ನಡೆದರೆ ಅದೇ ಒಂದು ಪಾಠವೂ ಆಗುತ್ತದೆ.

‘ಹಳೆಯದಕ್ಕೆ ತೇಪೆ ಹಾಕುವುದೇ ಹೆಚ್ಚಿನ ಖರ್ಚು, ಶಿಕ್ಷಕರ ಸಮಯವೂ ವ್ಯರ್ಥ’ ಎಂಬ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಒಂದು ಯಂತ್ರದ ಸುಧಾರಣೆಗೆ ತಗಲುವ ಒಟ್ಟು ವೆಚ್ಚವು, ಬಳಸಿದ್ದರೂ ಸುಸ್ಥಿತಿಯಲ್ಲಿರುವ ನೂತನ ಪೀಳಿಗೆಯ ಯಂತ್ರದ ಬೆಲೆಯ ಅರ್ಧವನ್ನು ಮೀರುವುದಾದರೆ ಸುಧಾರಣೆಯ ಹಟ ಬಿಡುವುದೇ ಲೇಸು. ಆದರೆ ಆ ಲೆಕ್ಕವನ್ನೇ ಮಾಡದೆ ಯಂತ್ರಗಳನ್ನು ಗುಜರಿಗೆ ಹಾಕುವುದು ವಿವೇಕವಲ್ಲ.

ದಾನಿಗಳಲ್ಲಿ ಒಂದು ಬಿನ್ನಹ. ಹೊಸ ಪೆಟ್ಟಿಗೆಯ ಮೇಲೆ ದಾನಿಯ ಹೆಸರು ಎದ್ದುಕಾಣುತ್ತದೆ, ಪೆಟ್ಟಿಗೆಯೊಳಗಿನ ಎಸ್.ಎಸ್.ಡಿ., ರ‍್ಯಾಮ್, ಪ್ರೊಸೆಸರುಗಳ ಮೇಲೆ ಯಾರ ಹೆಸರೂ ಕಾಣಿಸದು. ದಾಸೋಹದ ಪರಂಪರೆಯಲ್ಲಿ ಬೆಳೆದ ಸಂಸ್ಥೆಗೆ ಈ ಭೇದ ದೊಡ್ಡದಾಗಬಾರದು. 5 ಹೊಸ ಯಂತ್ರಗಳನ್ನು ಕೊಟ್ಟು ಮೂಲೆಯಲ್ಲಿ ಹಳೆಯವು ಧೂಳು ತಿನ್ನುವುದಕ್ಕಿಂತ, ಇರುವ 20 ಯಂತ್ರಗಳೂ ನಡೆಯುವಂತಾದರೆ ಒಂದು ಕೀಲಿಮಣೆಗೆ ನಾಲ್ಕು ಮಕ್ಕಳು ಕಾಯುವ ಸ್ಥಿತಿ ತಪ್ಪುತ್ತದೆ. ಮಗುವಿನ ಕೈಗೆ ಯಂತ್ರವು ಎಷ್ಟು ಹೊತ್ತು ದೊರೆಯಿತೆಂಬುದೇ ಇಂತಹ ದಾನದ ನಿಜವಾದ ಅಳತೆಗೋಲು.