ಬೆಸುಗೆಯ ಬಲ

ಯುದ್ಧನೌಕೆಯೆಂದೊಡನೆ ನಾವು ಅದರ ತೋಪುಗಳನ್ನೂ ಕ್ಷಿಪಣಿಗಳನ್ನೂ ನೆನೆಯುತ್ತೇವೆ. ಆ ಆಯುಧಗಳನ್ನೆಲ್ಲ ಹೊತ್ತು ತೇಲುವ ಉಕ್ಕಿನ ಒಡಲನ್ನು ನೆನೆಯುವವರು ವಿರಳ. ನೌಕಾದಳದ ಬಲವನ್ನು ಅಳೆಯಬೇಕಾದವನು ಮೊದಲು ಆ ಒಡಲಿನ ಉಕ್ಕನ್ನೂ ಅದರ ಬೆಸುಗೆಯನ್ನೂ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಹಿಂದೆ ಹಡಗಿನ ಉಕ್ಕಿನ ಹಲಗೆಗಳನ್ನು ರಿವೆಟ್ ಬಡಿದು ಕೂಡಿಸುತ್ತಿದ್ದರು. ಕಾದು ಕೆಂಪಾದ ರಿವೆಟ್ಟನ್ನು ರಂಧ್ರಕ್ಕೆ ತೂರಿಸಿ ಒಂದೊಂದನ್ನೇ ಬಡಿಯಬೇಕಾಗಿದ್ದ ನಿಧಾನದ ಕೆಲಸವದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕಕ್ಕೆ ಅಷ್ಟು ವ್ಯವಧಾನವಿರಲಿಲ್ಲ. ಅಲ್ಲಿನ ಹಡಗುಕಟ್ಟೆಗಳು ವಿದ್ಯುತ್ ಬೆಸುಗೆಯನ್ನು ಅವಲಂಬಿಸಿ 2,700ಕ್ಕೂ ಹೆಚ್ಚು 'ಲಿಬರ್ಟಿ' ಸರಕುಹಡಗುಗಳನ್ನು ಕಟ್ಟಿದವು. 1942ರ ನವೆಂಬರಿನಲ್ಲಿ ಒಂದು ಹಡಗಂತೂ ಐದು ದಿನ ತುಂಬುವ ಮೊದಲೇ ನೀರಿಗಿಳಿಯಿತು. ಲೋಕವೇ ಬೆರಗಾಗುವ ವೇಗ!

1943ರ ಜನವರಿ 16ರ ರಾತ್ರಿ ಪೋರ್ಟ್‌ಲೆಂಡ್ ನಗರದಲ್ಲಿ 'ಸ್ಕೆನೆಕ್ಟಡಿ' ಎಂಬ ಹೊಸ ತೈಲನೌಕೆ ಕಟ್ಟೆಯ ಬದಿಯಲ್ಲಿ ನಿಂತಿತ್ತು. ನೀರು ಶಾಂತವಾಗಿತ್ತು, ಶತ್ರುವಿನ ಸುಳಿವಿರಲಿಲ್ಲ, ಚಳಿ ಮಾತ್ರ ಇತ್ತು. ಇದ್ದಕ್ಕಿದ್ದಂತೆ ಭಾರಿ ಸದ್ದಿನೊಡನೆ ಅದು ನಡುವೆ ಮುರಿಯಿತು. ಇಂತಹ ಸಂದರ್ಭದಲ್ಲಿ ದೂರು ಮೊದಲು ತಗಲುವುದು ಕೆಲಸಗಾರನಿಗೇ ಅಲ್ಲವೆ? ಬೆಸುಗೆ ಕೆಟ್ಟದ್ದೆಂದರು. ಕೇಂಬ್ರಿಜ್ಜಿನ ಲೋಹವಿಜ್ಞಾನಿ ಕಾನ್‌ಸ್ಟನ್ಸ್ ಟಿಪ್ಪರ್ ಅವರು ಇಂತಹ ಹಡಗುಗಳ ಉಕ್ಕನ್ನು ಪರೀಕ್ಷಿಸಿ ಮುಖ್ಯ ದೋಷವನ್ನು ಉಕ್ಕಿನಲ್ಲಿಯೇ ಕಂಡರು. ಒಂದು ಮಿತಿಗಿಂತ ಶೀತ ಹೆಚ್ಚಿದರೆ ಆ ಉಕ್ಕು ಬಾಗುವ ಗುಣವನ್ನು ಕಳೆದುಕೊಂಡು ಗಾಜಿನಂತೆ ಪೆಡಸಾಗುತ್ತಿತ್ತು. ರಿವೆಟ್ಟಿನ ಹಡಗಿನಲ್ಲಿ ಬಿರುಕು ಒಂದು ಹಲಗೆಯ ಅಂಚಿಗೆ ಬಂದು ನಿಲ್ಲಬಹುದು. ಬೆಸೆದ ಹಡಗೆಲ್ಲವೂ ಒಂದೇ ಲೋಹವಾದುದರಿಂದ ಬಿರುಕಿಗೆ ತಡೆಯೇ ಇಲ್ಲ.

ನಮ್ಮ 'ವಿಕ್ರಾಂತ'ದ ಕಥೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕೊಚ್ಚಿಯಲ್ಲಿ 2009ರಲ್ಲಿ ಅಡಿಗಟ್ಟು ಹಾಕಿದ ಈ ವಿಮಾನವಾಹಕ ನೌಕೆ ನೌಕಾದಳವನ್ನು ಸೇರಿದ್ದು 2022ರ ಸೆಪ್ಟೆಂಬರ್ 2ರಂದು. ಇಷ್ಟು ತಡವೇಕೆಂದು ಹಂಗಿಸಿದವರುಂಟು. ತಡಕ್ಕೆ ಕಾರಣಗಳು ಹಲವು. ಆದರೆ ಅದರ ಉಕ್ಕನ್ನು ಹೈದರಾಬಾದಿನ ರಕ್ಷಣಾ ಲೋಹವಿಜ್ಞಾನ ಪ್ರಯೋಗಾಲಯವು ರೂಪಿಸಿತು, ನಮ್ಮ ಕಾರ್ಖಾನೆಗಳೇ ಸುಮಾರು 30,000 ಟನ್ನುಗಳಷ್ಟನ್ನು ತಯಾರಿಸಿಕೊಟ್ಟವು ಎಂಬುದನ್ನು ಅವರು ಮರೆಯುತ್ತಾರೆ. ಕೊಂಡು ತಂದ ಉಕ್ಕಿನಿಂದ ಹಡಗು ಬೇಗ ಸಿದ್ಧವಾದೀತು. ಮಾರುವವನು ಕೈಬಿಟ್ಟ ದಿನ ಕೆಲಸ ನಿಂತೀತು.

ಇಂತಹ ಉಕ್ಕಿನ ತುಂಡಿಗೆ ಕಚ್ಚು ಮಾಡಿ, ಕಡುಶೀತದಲ್ಲಿರಿಸಿ, ತೂಗಾಡುವ ಸುತ್ತಿಗೆಯಿಂದ ಹೊಡೆದು ಅದರ ತಾಳಿಕೆಯನ್ನು ಅಳೆಯುತ್ತಾರೆ. ಬೆಸುಗೆಗೂ ಅಷ್ಟೇ ಎಚ್ಚರ ಬೇಕು. ಬೆಸುಗೆಯ ಕಡ್ಡಿ ತೇವಗೊಂಡಿದ್ದರೆ ಅದರಿಂದ ಹೊರಟ ಜಲಜನಕವು ಲೋಹದೊಳಗೆ ಸೇರುತ್ತದೆ. ಮೇಲೆ ನುಣ್ಣಗೆ ಕಾಣುವ ಬೆಸುಗೆ ಗಂಟೆಗಳು ಕಳೆದ ಮೇಲೆ ಒಳಗೇ ಸೀಳಬಹುದು. ಆದ್ದರಿಂದ ಕಡ್ಡಿಗಳನ್ನು ಒಲೆಯಲ್ಲಿ ಒಣಗಿಸಿಡುತ್ತಾರೆ. ಬೆಸೆದುದನ್ನು ಕ್ಷಕಿರಣದಿಂದಲೂ ಶ್ರವಣಾತೀತ ಧ್ವನಿಯಿಂದಲೂ ಶೋಧಿಸುತ್ತಾರೆ. ದೋಷ ಕಂಡ ಬೆಸುಗೆಯನ್ನು ಕೆತ್ತಿ ತೆಗೆದು ಮತ್ತೆ ಹೊಸದಾಗಿ ಬೆಸೆಯುತ್ತಾರೆ.