ಮಾಡ್‌ಗಳ ಜಗಳ: ಅಳಿಸುವ ಮೊದಲು ಅರ್ಥ ಮಾಡಿಕೊಳ್ಳೋಣ

ನಮ್ಮ ಕಾಲೇಜಿನ ಹುಡುಗರಲ್ಲಿ ಬಸ್ ಆಟದ ಹುಚ್ಚು ಜೋರಾಗಿದೆ. ಮೊಬೈಲಿನಲ್ಲಿ ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’, ಮನೆಯಲ್ಲಿ ಕಂಪ್ಯೂಟರ್ ಇದ್ದವರಿಗೆ ‘ಯೂರೋ ಟ್ರಕ್ ಸಿಮ್ಯುಲೇಟರ್ 2’. ಮೊದಲನೆಯದನ್ನು ಇಂಡೋನೇಷ್ಯಾದ ಮಾಲಿಯೋ ಕಂಪನಿ 2017ರಲ್ಲಿ ತಂದಿತು. ಎರಡನೆಯದನ್ನು ಚೆಕ್ ದೇಶದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ 2012ರಲ್ಲಿ ಬಿಡುಗಡೆ ಮಾಡಿತು. ಈ ಎರಡು ಆಟಗಳ ಮೂಲದಲ್ಲಿ ಅಥಣಿಯ ರಸ್ತೆಯೂ ಇಲ್ಲ, ನಮ್ಮ ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸೂ ಇಲ್ಲ. ಅದನ್ನೆಲ್ಲ ಒಳಗೆ ತರುವುದು ‘ಮಾಡ್’. ಅಂದರೆ ಆಟಗಾರರೇ ತಯಾರಿಸಿ ಹಂಚುವ ಬಸ್ಸು, ಬಣ್ಣ, ಹಾರ್ನ್, ರಸ್ತೆ. ರಾಯಬಾಗದಿಂದ ಚಿಕ್ಕೋಡಿಗೆ ದಿನಾ ನಿಂತುಕೊಂಡೇ ಬರುವ ಹುಡುಗನಿಗೆ ಅದೇ ಬಸ್ಸಿನ ಸ್ಟೇರಿಂಗ್ ಕೈಗೆ ಸಿಗುತ್ತದೆ ಎಂದರೆ ಆಸೆಯಾಗುವುದು ಸಹಜ.

ತೊಂದರೆ ಶುರುವಾಗುವುದು ಮಾಡ್‌ಗಳ ಸಂಖ್ಯೆ ಹತ್ತು, ಹದಿನೈದು ಆದಾಗ. ಬಸ್ಸಿಗೆ ಬಣ್ಣ ಹತ್ತುವುದಿಲ್ಲ, ಹೊಸ ಹಾರ್ನ್ ಕೇಳಿಸುವುದಿಲ್ಲ, ಕೆಲವು ಸಲ ಆಟವೇ ತೆರೆಯುವುದಿಲ್ಲ. ಆಗ ನಮ್ಮವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕುತ್ತಾರೆ, ಇಲ್ಲವೇ ಯಾರೋ ಕಳಿಸಿದ ‘ಫುಲ್ ಪ್ಯಾಕ್’ ಇಳಿಸಿಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡೂ ತಪ್ಪು. ಮೊದಲನೆಯದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಎರಡನೆಯದು ಗುರುತಿಲ್ಲದವನ ಕೈಗೆ ಮನೆಯ ಕೀಲಿ ಕೊಟ್ಟಂತೆ.

ಮಾಡ್‌ಗಳು ಯಾಕೆ ಜಗಳವಾಡುತ್ತವೆ? ಆಟದ ಒಳಗೆ ಪ್ರತಿಯೊಂದು ವಸ್ತುವಿಗೂ ಒಂದು ಹೆಸರು, ಒಂದು ಜಾಗ ಇರುತ್ತದೆ. ಎರಡು ಮಾಡ್‌ಗಳು ಒಂದೇ ಹೆಸರಿನ ಫೈಲನ್ನು ಒಂದೇ ಜಾಗಕ್ಕೆ ತಂದರೆ ಆಟ ಒಂದನ್ನು ಮಾತ್ರ ಓದುತ್ತದೆ. ಕರ್ನಾಟಕ ಮತ್ತು ಕೇರಳದ ಸಾರಿಗೆ ಸಂಸ್ಥೆಗಳು ‘ಕೆಎಸ್ಆರ್‌ಟಿಸಿ’ ಎಂಬ ಒಂದೇ ಹೆಸರಿಗಾಗಿ ವರ್ಷಗಟ್ಟಲೆ ವಾದ ಮಾಡಿದ್ದು ನೆನಪಿರಬಹುದು. ಕೊನೆಗೆ 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು, ನಮ್ಮ ನಿಗಮ ಆ ಹೆಸರು ಬಳಸಲು ಅಡ್ಡಿ ಉಳಿಯಲಿಲ್ಲ. ಮನುಷ್ಯರ ಜಗಳಕ್ಕೆ ಕೋರ್ಟು ಇದೆ, ವಾದ ಇದೆ, ತೀರ್ಪು ಇದೆ. ಆಟಕ್ಕೆ ಇರುವುದು ಸಾಲು ಮಾತ್ರ. ಆ ಸಾಲಿನಲ್ಲಿ ಯಾರಿಗೆ ಆದ್ಯತೆ ಇದೆಯೋ ಅವರ ಮಾತು ನಡೆಯುತ್ತದೆ.

ಆ ಸಾಲನ್ನು ನಿರ್ಧರಿಸುವ ಜಾಗವೇ ಮಾಡ್ ಮ್ಯಾನೇಜರ್. ಯೂರೋ ಟ್ರಕ್‌ನಲ್ಲಿ ಅದು ಆಟದೊಳಗೇ ಇದೆ, ಅಲ್ಲಿ ಪಟ್ಟಿಯ ಮೇಲಿರುವ ಮಾಡ್ ಕೆಳಗಿನದನ್ನು ಮುಚ್ಚುತ್ತದೆ. ಒಂದು ಬಸ್ ಮಾಡ್ ಇದೆ, ಅದೇ ಬಸ್ಸಿಗೆಂದು ಮಾಡಿದ ಸದ್ದಿನ ಮಾಡ್ ಬೇರೆ ಇದೆ ಎಂದುಕೊಳ್ಳಿ. ಸದ್ದಿನದು ಮೇಲಿರಬೇಕು. ಬಸ್ಸನ್ನು ಮೇಲಿಟ್ಟರೆ ಅದರ ಹಳೇ ಸದ್ದೇ ಗೆಲ್ಲುತ್ತದೆ. ಆಗ ‘ಈ ಮಾಡ್ ಸುಳ್ಳು’ ಎಂದು ಬೈಯುತ್ತೇವೆ. ಮಾಡ್ ಸುಳ್ಳಲ್ಲ, ನಾವು ಇಟ್ಟ ಸಾಲು ತಪ್ಪು. ಇನ್ನೊಂದು ಎಚ್ಚರ: ಎಲ್ಲ ಮ್ಯಾನೇಜರ್‌ಗಳ ನಿಯಮ ಒಂದೇ ಅಲ್ಲ. ‘ಸ್ಕೈರಿಮ್’ ಆಡುವವರು ಬಳಸುವ ‘ಮಾಡ್ ಆರ್ಗನೈಸರ್ 2’ರಲ್ಲಿ ಸಾಮಾನ್ಯವಾಗಿ ಪಟ್ಟಿಯ ಕೆಳಗಿರುವುದು ಗೆಲ್ಲುತ್ತದೆ. ‘ಮೈನ್‌ಕ್ರಾಫ್ಟ್’ನ ರಿಸೋರ್ಸ್ ಪ್ಯಾಕ್‌ಗಳಲ್ಲಿ ಮತ್ತೆ ಮೇಲಿನದೇ ಗೆಲ್ಲುತ್ತದೆ. ಆದ್ದರಿಂದ ಗೆಳೆಯ ಹೇಳಿದ ಸಾಲನ್ನು ನಕಲು ಮಾಡುವ ಮೊದಲು, ಅವನು ಯಾವ ಆಟದ ಬಗ್ಗೆ ಹೇಳುತ್ತಿದ್ದಾನೆ ಎಂದು ಕೇಳಿ.

ಸಾಲು ಬದಲಿಸಿದರೆ ಎಲ್ಲವೂ ಸರಿಯಾಗುತ್ತದೆ ಎಂದಲ್ಲ. ಯೂರೋ ಟ್ರಕ್‌ನ ನಕ್ಷೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಲಾಗಿದೆ. ಎರಡು ನಕ್ಷೆ ಮಾಡ್‌ಗಳು ಒಂದೇ ಚೌಕವನ್ನು ತಿದ್ದಿದ್ದರೆ, ಯಾವುದನ್ನು ಮೇಲಿಟ್ಟರೂ ಇನ್ನೊಂದರ ರಸ್ತೆ ಅಲ್ಲಿ ಮಾಯವಾಗುತ್ತದೆ. ಅಂಥ ಕಡೆ ಎರಡನ್ನೂ ಜೋಡಿಸುವ ಮೂರನೆಯ ಸಣ್ಣ ಮಾಡ್ ಬೇಕು. ಅದಕ್ಕೆ ‘ಪ್ಯಾಚ್’ ಎನ್ನುತ್ತಾರೆ. ಪ್ಯಾಚ್ ಸಿಗದಿದ್ದರೆ ಎರಡರಲ್ಲಿ ಒಂದನ್ನು ಬಿಡುವುದೇ ಸರಿ. ಮೊಬೈಲಿನ ಬಸ್ ಆಟದಲ್ಲೂ ಹಾಗೆಯೇ: ಒಂದು ಬಾಡಿಗೆಂದು ಬಿಡಿಸಿದ ಬಣ್ಣದ ಚಿತ್ರ ಇನ್ನೊಂದು ಬಾಡಿಗೆ ಕೂರುವುದಿಲ್ಲ. ಅಣ್ಣನ ಅಳತೆಯ ಶರ್ಟು ತಮ್ಮನಿಗೆ ಹಾಕಿದಂತಾಗುತ್ತದೆ.

ಯಾವ ಮಾಡ್ ತಪ್ಪು ಎಂದೇ ಗೊತ್ತಿಲ್ಲದಿದ್ದರೆ? ದ್ವಿತೀಯ ಪಿಯುಸಿ ಗಣಕ ವಿಜ್ಞಾನದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೈನರಿ ಸರ್ಚ್‌ನಲ್ಲಿ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತಾ ಹೋಗುತ್ತೇವಲ್ಲ, ಅದೇ ಉಪಾಯ. 16 ಮಾಡ್‌ಗಳಿದ್ದರೆ ಒಂದೊಂದಾಗಿ ತೆಗೆದು ನೋಡಿದಾಗ 15 ಸಲ ಆಟ ತೆರೆಯಬೇಕಾಗಬಹುದು. 8 ತೆಗೆದು ನೋಡಿ. ತೊಂದರೆ ಉಳಿದರೆ ಅದು ಉಳಿದ 8ರಲ್ಲಿದೆ, ಹೋದರೆ ತೆಗೆದ 8ರಲ್ಲಿದೆ. ಆಮೇಲೆ 4, 2, 1. ನಾಲ್ಕು ಸಲಕ್ಕೆ ಕಳ್ಳ ಸಿಕ್ಕ. ಎರಡೂ ಅರ್ಧಗಳು ಬೇರೆ ಬೇರೆಯಾಗಿ ಚೆನ್ನಾಗಿ ನಡೆದು, ಕೂಡಿಸಿದಾಗ ಮಾತ್ರ ಕೆಟ್ಟರೆ, ಜಗಳ ಈ ಕಡೆಯ ಒಂದಕ್ಕೂ ಆ ಕಡೆಯ ಒಂದಕ್ಕೂ ನಡುವೆ ಇದೆ ಎಂದರ್ಥ. ಆಗ ಒಂದು ಅರ್ಧವನ್ನು ಪೂರ್ತಿ ಹಾಗೇ ಇಟ್ಟು ಇನ್ನೊಂದನ್ನು ಒಡೆಯುತ್ತಾ ಹೋಗಬೇಕು. ಒಂದು ಮಾಡ್ ಇನ್ನೊಂದರ ಮೇಲೆ ಅವಲಂಬಿಸಿದ್ದರೆ ಅವೆರಡನ್ನೂ ಒಂದೇ ಕಡೆ ಇಡಿ, ಇಲ್ಲದಿದ್ದರೆ ಪರೀಕ್ಷೆಯೇ ಸುಳ್ಳು ಹೇಳುತ್ತದೆ.

ಇದಕ್ಕೂ ಮೊದಲು ಮಾಡಬೇಕಾದ ಎರಡು ಕೆಲಸಗಳಿವೆ. ಪ್ರೊಫೈಲ್ ಫೋಲ್ಡರಿನ ಒಂದು ಪ್ರತಿಯನ್ನು ಬೇರೆ ಕಡೆ ತೆಗೆದಿಡಿ. ಆಮೇಲೆ ಡಾಕ್ಯುಮೆಂಟ್ಸ್‌ನಲ್ಲಿರುವ ಆಟದ ಫೋಲ್ಡರಿಗೆ ಹೋಗಿ ‘ಗೇಮ್ ಲಾಗ್’ ಎಂಬ ಫೈಲ್ ತೆರೆಯಿರಿ. ಆಟ ತಾನು ಎಲ್ಲಿ ಎಡವಿದೆ ಎಂದು ಅಲ್ಲಿ ತಾನೇ ಬರೆದಿಡುತ್ತದೆ. ‘ಎರರ್’ ಎಂದಿರುವ ಸಾಲುಗಳಲ್ಲಿ ಹಲವು ಸಲ ಮಾಡ್‌ನ ಗುರುತೇ ಸಿಗುತ್ತದೆ. ಡಾಕ್ಟರು ಮೊದಲು ಏನಾಗಿದೆ ಎಂದು ಕೇಳಿ, ಆಮೇಲೆ ಔಷಧಿ ಬರೆಯುತ್ತಾರೆ. ನಾವು ಮಾತ್ರ ಕೇಳದೆಯೇ ಅಳಿಸಲು ಹೊರಡುತ್ತೇವೆ.

ಈಗ ‘ಫುಲ್ ಪ್ಯಾಕ್’ ಮಾತಿಗೆ ಬರೋಣ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಆಟಕ್ಕೆಂದು ಬೇರೆ ಕಂಪ್ಯೂಟರ್ ಇಲ್ಲ. ಅಬ್ಬಾ ಅವರ ಅಂಗಡಿ ಲೆಕ್ಕ, ಆಪಾ ಅವರ ಸಿಇಟಿ ಅರ್ಜಿ, ನಮ್ಮ ಸ್ಕಾಲರ್‌ಶಿಪ್ ಕಾಗದಪತ್ರ, ಬ್ಯಾಂಕಿನ ಒಟಿಪಿ, ಎಲ್ಲವೂ ಒಂದೇ ಕಂಪ್ಯೂಟರ್ ಅಥವಾ ಒಂದೇ ಫೋನಿನಲ್ಲಿ ಇರುತ್ತದೆ. ಯಾರೋ ತಿದ್ದಿ ಕಟ್ಟಿದ ಎಪಿಕೆ ಹಾಕಲು ಫೋನಿನ ರಕ್ಷಣೆಯನ್ನೇ ಆಫ್ ಮಾಡಿ ಎನ್ನುತ್ತಾರೆ, ನಾವು ಮಾಡುತ್ತೇವೆ. ಒಂದು ಹಾರ್ನಿನ ಸಲುವಾಗಿ ಮನೆಯವರೆಲ್ಲರ ದಾಖಲೆ ಪಣಕ್ಕಿಡುವುದು ಯಾವ ಜಾಣತನ? ಜೊತೆಗೆ ಅಂಥ ಪ್ಯಾಕ್‌ಗಳಲ್ಲಿ ಹಲವು ಸಲ ಬೇರೆಯವರು ತಿಂಗಳುಗಟ್ಟಲೆ ಕುಳಿತು ಮಾಡಿದ ಬಸ್ಸಿನ ಮೇಲಿನ ಹೆಸರು ಅಳಿಸಿ ತಮ್ಮ ಹೆಸರು ಹಾಕಿರುತ್ತಾರೆ. ದುಡಿದವನ ಹಕ್ಕು ಕಸಿದುಕೊಂಡ ವಸ್ತು ಬಿಟ್ಟಿ ಸಿಕ್ಕಿತೆಂದು ನಮಗೆ ಸಲ್ಲುವುದಿಲ್ಲ. ಪ್ಯಾಕ್‌ನೊಳಗೆ ಜಗಳ ಬಂದರೆ ಯಾವುದು ಎಲ್ಲಿಂದ ಬಂತು ಎಂದು ಹುಡುಕಲೂ ಆಗುವುದಿಲ್ಲ. ಮಾಡ್ ಮಾಡಿದವರೇ ಹಂಚುವ ಜಾಗದಿಂದ ಒಂದೊಂದಾಗಿ ಇಳಿಸಿ, ಒಂದು ಹಾಕಿ, ಆಡಿ ನೋಡಿ, ಆಮೇಲೆ ಇನ್ನೊಂದು ಹಾಕಿ.

‘ಪರೀಕ್ಷೆ ಹತ್ತಿರ ಬಂದಾಗ ಇದೆಲ್ಲ ಯಾಕೆ?’ ಎಂದು ಹಿರಿಯರು ಕೇಳಿದರೆ ಅವರ ಮಾತಿನಲ್ಲಿ ಹುರುಳಿದೆ. ರಾತ್ರಿ ಎರಡು ಗಂಟೆಯವರೆಗೆ ಸ್ಟೇರಿಂಗ್ ತಿರುಗಿಸುವವನ ಪರ ನಾನು ವಾದ ಮಾಡುವುದಿಲ್ಲ. ಆದರೆ ಆಟ ಆಡುವುದು ಬೇರೆ, ಕೆಟ್ಟ ಆಟವನ್ನು ಕಾರಣ ಹುಡುಕಿ ಸರಿಮಾಡುವುದು ಬೇರೆ. ಲಾಗ್ ಓದುವುದು, ಪ್ರತಿ ತೆಗೆದಿಡುವುದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು, ಫಲಿತಾಂಶ ಬರೆದಿಡುವುದು: ಮುಂದೆ ಕಂಪ್ಯೂಟರ್ ಕೆಲಸಕ್ಕೆ ಹೋಗುವವರು ದಿನಾ ಮಾಡುವುದು ಇದನ್ನೇ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೇಡಂ ಕಲಿಸುವ ಶಿಸ್ತೂ ಇದೇ ಅಲ್ಲವೇ?

ಹಾಗಾಗಿ ನನ್ನದೊಂದು ಸಲಹೆ. ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ತಿಂಗಳಿಗೆ ಒಂದು ಶನಿವಾರ, ಒಂದು ಗಂಟೆ ಇದಕ್ಕೆ ಕೊಡಿ. ಆಡುವುದಕ್ಕಲ್ಲ, ಕೆಟ್ಟದ್ದನ್ನು ಸರಿಮಾಡುವುದಕ್ಕೆ. ಪ್ರತಿಯೊಬ್ಬರೂ ತಾವು ಬಿಡಿಸಿದ ಒಂದು ಜಗಳವನ್ನು ಒಂದು ವಹಿಯಲ್ಲಿ ಬರೆಯಲಿ: ಏನು ಕೆಟ್ಟಿತ್ತು, ಹೇಗೆ ಹುಡುಕಿದೆ, ಯಾವ ಸಾಲಿನಲ್ಲಿ ಇಟ್ಟೆ. ಮಾರ್ಗದರ್ಶಿಗಳೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ನಮ್ಮ ಬೆಂಚುಗಳಲ್ಲಿ ಉರ್ದು ಶಾಲೆಯಿಂದ ಬಂದವರಿದ್ದಾರೆ, ನಿಪ್ಪಾಣಿ, ಕಾಗವಾಡ ಕಡೆಯ ಮರಾಠಿ ಶಾಲೆಯಿಂದ ಬಂದವರಿದ್ದಾರೆ, ಕನ್ನಡ ಮಾಧ್ಯಮದವರೂ ಇದ್ದಾರೆ. ಆ ವಹಿ ಸರಳ ಕನ್ನಡದಲ್ಲಿರಲಿ, ಬೇಕಾದಲ್ಲಿ ಉರ್ದು, ಮರಾಠಿ ಮಾತೂ ಸೇರಲಿ. ಹುಡುಗಿಯರೂ ಬರಲಿ. ಆಟ ಆಡದವರೂ ಬರಲಿ, ಬೈನರಿ ಸರ್ಚ್ ಅರ್ಥವಾಗಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ವಹಿ ತರುವ ಜವಾಬ್ದಾರಿ ನನ್ನದು. ಮೊದಲ ಪುಟಕ್ಕೆ ನಿಮ್ಮ ಜಗಳವನ್ನು ತನ್ನಿ.