ಗಡಿಗ್ಯಾಗಿನ ಕೂಸಿಗೆ ಸೂತಕ ಇತ್ತೇನು?

ಮಸ್ಕಿ ಅಂದಕೂಡಲೇ ನಮಗೆಲ್ಲ ಅಶೋಕನ ಶಾಸನ ನೆನಪಾಗುತ್ತದೆ. 1915ರಲ್ಲಿ ಬಂಗಾರದ ಗಣಿಯ ಇಂಜಿನಿಯರ್ ಬೀಡನ್ ಅದನ್ನು ಪತ್ತೆ ಮಾಡಿದ. ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಎಂಬುದು ಅದರಿಂದ ಖಾತ್ರಿಯಾಯಿತು. ಇಷ್ಟು ಬರೆದರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಬೀಳ್ತಾವ. ಆದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಹಾಸ್ಟೆಲುಗಳ ಗೆಳೆಯರೇ, ನಾವು ದಿನಾ ತುಳಿಯುವ ಈ ಸೀಮೆಯ ಮಣ್ಣಿನಲ್ಲಿ ಅಶೋಕನಿಗಿಂತ ಸಾವಿರ ವರ್ಷಕ್ಕೂ ಹಿಂದಿನ ಇನ್ನೊಂದು ಪಾಠ ಹೂತುಕೊಂಡಿದೆ. ಅದನ್ನು ಬರೆಸಿದ್ದು ರಾಜನಲ್ಲ. ಅದನ್ನು ಹೇಳುವುದು ಮಣ್ಣಿನ ಗಡಿಗೆ.

1952ರಲ್ಲಿ ಮುದಗಲ್ಲಿನ ಹತ್ತಿರ ಪಿಕ್ಲಿಹಾಳದಲ್ಲಿ ಆಲ್ಚಿನ್ ಉತ್ಖನನ ಮಾಡಿದರು. 1954ರಲ್ಲಿ ಮಸ್ಕಿಯಲ್ಲಿ ಬಿ.ಕೆ. ಥಾಪರ್ ಮಾಡಿದರು. ಎಲ್ಲಕ್ಕೂ ಕೆಳಗಿನ ಪದರಿನಲ್ಲಿ ಸಿಕ್ಕವರು ಕಲ್ಲುಕೊಡಲಿಯ ಕಾಲದ ಜನ. ದನ ಸಾಕಿದವರು, ಹುರುಳಿ ಹೆಸರು ಬೆಳೆದವರು. ಕಾಳು ತುಂಬೋದಕ್ಕೆ, ನೀರು ಇಡೋದಕ್ಕೆ, ಅಂಬಲಿ ಕಾಯಿಸೋದಕ್ಕೆ ಅವರಿಗಿದ್ದದ್ದು ಕೈಯಿಂದ ತಟ್ಟಿ ಸುಟ್ಟ ಮಣ್ಣಿನ ಗಡಿಗೆ.

ಅದೇ ಕಾಲದ ಜನ ಬ್ರಹ್ಮಗಿರಿಯಲ್ಲೂ ಇದ್ದರು. 1947ರಲ್ಲಿ ವೀಲರ್ ಅಲ್ಲಿ ಅಗೆದಾಗ ಏನು ಕಂಡಿತು? ಸತ್ತ ಎಳೆಗೂಸುಗಳನ್ನು ಗಡಿಗೆಯಲ್ಲಿಟ್ಟು ಹೂಳಿದ್ದರು. ಎಲ್ಲಿ? ಊರಾಚೆ ಅಲ್ಲ, ತಾವು ವಾಸ ಮಾಡುವ ಜಾಗದಲ್ಲೇ. ತುಂಗಭದ್ರೆಯ ಆಚೆ ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆದಾಗಲೂ ಕೂಸುಗಳ ಗಡಿಗೆ ಸಿಕ್ಕವು. ಮಹಾರಾಷ್ಟ್ರದ ಇನಾಮಗಾಂವದಲ್ಲಂತೂ ಎರಡು ಗಡಿಗೆಗಳನ್ನು ಬಾಯಿಗೆ ಬಾಯಿ ಸೇರಿಸಿ, ಒಳಗೆ ಕೂಸನ್ನಿಟ್ಟು, ಮನೆಯ ನೆಲದ ಕೆಳಗೇ ಹುಗಿದಿದ್ದರು. ಮೇಲೆ ಅದೇ ನೆಲದ ಮ್ಯಾಲ ಉಣ್ಣೋದು, ಮಲಗೋದು.

ಇದು ನಮ್ಮ ಸೀಮೆಯದಷ್ಟೇ ಅಲ್ಲ. ತಮಿಳುನಾಡಿನ ಆದಿಚ್ಚನಲ್ಲೂರಿನಲ್ಲಿ ದೊಡ್ಡ ದೊಡ್ಡ ಗುಡಾಣಗಳಲ್ಲಿ ಹಿರಿಯರ ಎಲುಬು ಸಿಕ್ಕಿವೆ. ಕ್ರೀಟ್ ದ್ವೀಪದಲ್ಲಿ ಎಣ್ಣೆ, ಕಾಳು ತುಂಬುವಂಥ ಗುಡಾಣಗಳಲ್ಲೇ ಹೆಣ ಇಟ್ಟಿದ್ದಾರೆ. ಜಪಾನಿನಲ್ಲೂ ಗುಡಾಣದ ಸಮಾಧಿಗಳಿವೆ. ಬದುಕು ಕಾಯುವ ಪಾತ್ರೆಯೇ ಸಾವನ್ನೂ ಕಾಯಲಿ ಅಂತ ಬಹಳ ಕಡೆಯ ಜನರಿಗೆ ಅನಿಸಿತ್ತು.

ಈಗ ನಾವು ಕೇಳಬೇಕಾದ ಪ್ರಶ್ನೆ ಒಂದೇ. ಹೆಣ ಅಂದರೆ ಮೈಲಿಗೆ ಅನ್ನುವುದು ಸೃಷ್ಟಿಯ ಜೊತೆಗೇ ಹುಟ್ಟಿದ ಸತ್ಯವಾಗಿದ್ದರೆ, ಆ ಜನ ಸತ್ತ ಕೂಸನ್ನು ಮನೆಯೊಳಗೆ ಇಟ್ಟುಕೊಳ್ಳುತ್ತಿದ್ದರೇ? ಅವರ ಮನೆ ಕೆಡಲಿಲ್ಲ, ಕಾಳು ಕೆಡಲಿಲ್ಲ. ಹಾಗಾದರೆ ಈ ಮೈಲಿಗೆ ಆಮೇಲೆ ಬಂದದ್ದು, ಮನುಷ್ಯರು ಮಾಡಿದ್ದು. ಮಾಡಿದವರು ಅದರ ಭಾರವನ್ನು ತಾವು ಹೊರಲಿಲ್ಲ. ನಮ್ಮ ಹಿರಿಯರ ತಲೆಗೆ ಕಟ್ಟಿದರು. ಊರವರ ಕುಣಿ ತೋಡೋರು ಯಾರು? ಸಾವಿನ ಸುದ್ದಿ ಮುಟ್ಟಿಸೋರು ಯಾರು? ಹಲಗೆ ಬಾರಿಸೋರು, ಸತ್ತ ದನ ಎಳೆಯೋರು ಯಾರು? ಎಲ್ಲರ ಸಾವಿಗೂ ನಮ್ಮ ಕೈ ಬೇಕು. ನಮ್ಮ ಹೆಣಕ್ಕೆ ಮಾತ್ರ ಎಷ್ಟೋ ಊರುಗಳಲ್ಲಿ ಹಳ್ಳದ ದಂಡೆಯೇ ಗತಿ. ನಾವು ಮುಟ್ಟಿದ ಮಣ್ಣಿನ ಗಡಿಗೆ ತೊಳೆದರೂ ಶುದ್ಧವಾಗದು ಅಂತ ಒಡೆದು ಹಾಕಿದ್ದೂ ಇದೇ ಮೈಲಿಗೆ.

ಒಂದು ಎಚ್ಚರ ಇರಲಿ. ಆ ಗಡಿಗೆಗಳ ಕೂಸು ನಮ್ಮ ಜಾತಿಯವೇ ಅಂತ ನಾವು ಎದೆ ತಟ್ಟಿಕೊಳ್ಳುವುದು ಬೇಡ. ಎಲುಬಿನ ಮೇಲೆ ಜಾತಿ ಬರೆದಿರೋದಿಲ್ಲ. ನಮಗೆ ಬೇಕಾದದ್ದೂ ಅದೇ ಮಾತು. ‘ಮೊದಲಿಂದ ಹೀಗೇ ಐತಿ, ಏನ್ ಮಾಡೋದು’ ಅನ್ನುವವರಿಗೆ ನಾವು ಕೊಡಬೇಕಾದ ಉತ್ತರವೂ ಅದೇ. ಮೊದಲಿಂದ ಹೀಗಿರಲಿಲ್ಲ. ಬೇಕಾದರೆ ನೆಲ ಅಗೆದು ನೋಡಿರಿ.

ಆ ಶಾಸನದ ಬಗ್ಗೆಯೂ ಒಂದು ಮಾತು. ಪರೀಕ್ಷೆಗೆ ಅಶೋಕನ ಹೆಸರನ್ನಷ್ಟೇ ಬಾಯಿಪಾಠ ಮಾಡಿಸುತ್ತಾರೆ. ಆ ಬಂಡೆ ಹೇಳುವುದು ಬೇರೆಯೂ ಇದೆ: ಧರ್ಮದಲ್ಲಿ ನಡೆದರೆ ಸಣ್ಣವನೂ ಮೇಲಿನದನ್ನು ಪಡೆಯಬಲ್ಲ, ಅದು ದೊಡ್ಡವರಿಗೆ ಮಾತ್ರ ಅಂತ ತಿಳಿಯಬೇಡಿರಿ ಎಂದು. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಹೀಗೆ ಕೊರೆಸಬೇಕಾಯಿತೆಂದರೆ, ದೊಡ್ಡವರಿಗೆ ಮಾತ್ರ ಅನ್ನುವವರು ಆಗಲೇ ಇದ್ದರು ಅಂತಲೇ ಅರ್ಥ.

ಗೆಳೆಯರೇ, ಮುಂದಿನ ರಜೆಗೆ ಊರಿಗೆ ಹೋದಾಗ ಕುಣಿ ತೋಡುವ ಹಿರಿಯರ ಹತ್ತಿರ ಕೂತು ಕೇಳಿರಿ: ಈ ಕೆಲಸ ನಿಮಗೆ ಯಾವಾಗಿನಿಂದ ಬಂತು, ಯಾರು ಹಚ್ಚಿದರು, ಕೂಲಿ ಏನು ಕೊಡ್ತಾರ, ನಮ್ಮವರ ಸ್ಮಶಾನ ಎಲ್ಲಿ ಐತಿ, ಅದರ ಸರ್ವೆ ನಂಬರು ಏನು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿರಿ. ಸ್ಮಶಾನಕ್ಕೆ ಜಾಗ ಕೇಳುವ ಅರ್ಜಿ ಅಲ್ಲಿಂದಲೇ ಶುರುವಾಗಲಿ.